ಹಿಂದಿನ ಮೂಲೆಯ ಬ್ರೆಡ್

ಬ್ಯಾಂಕಿನ ಮ್ಯಾನೇಜರ್ ಸಾಲ ಕೊಡಲಿಲ್ಲ ಎಂದಲ್ಲ, ಅರ್ಜಿಯ ಮೇಲೆ ಬ್ರೆಡ್ ಇಟ್ಟನಲ್ಲ, ಅದಕ್ಕೆ ಅವನ ಮೈ ಉರಿದುಹೋಗಿತ್ತು.

ಎರಡು ವರ್ಷದ ಹಿಂದಿನ ಮಾತು. ಆಗ ಅವನು ಹಳೆಯ ಬೇಕರಿಯೊಂದರ ಹಿರಿಯ ಕೆಲಸಗಾರ. ಇಪ್ಪತ್ತೆರಡು ವರ್ಷ ಒಂದೇ ಓವನ್ನಿನ ಬಾಯಿಗೆ ಮುಖವೊಡ್ಡಿ ನಿಂತು ಮುಂಗೈಯ ಕೂದಲೆಲ್ಲ ಸುಟ್ಟುಕೊಂಡವನು. ಸಣ್ಣ ಉದ್ಯಮ ಶುರು ಮಾಡುವವರಿಗೆ ಸರ್ಕಾರವೇ ಗ್ಯಾರಂಟಿ ನಿಲ್ಲುತ್ತದೆ, ಏನನ್ನೂ ಅಡ ಇಡಬೇಕಾಗಿಲ್ಲ ಎಂದು ಬ್ಯಾಂಕಿನ ಹೊರಗೋಡೆಯ ಮೇಲೆ ದೊಡ್ಡ ದೊಡ್ಡ ಅಕ್ಷರಗಳಲ್ಲಿ ಬರೆದಿತ್ತು. ಅದನ್ನು ನಂಬಿ, ಅರ್ಜಿಯ ಹನ್ನೊಂದು ಪುಟವನ್ನೂ ತಾನೇ ಕೂತು ತುಂಬಿ, ಜೊತೆಗೆ ಆಗ ತಾನೇ ತೆಗೆದ ಒಂದು ಬೆಣ್ಣೆ ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿಕೊಂಡು ಹೋಗಿದ್ದ. ಅಂತಿಂಥ ಬ್ರೆಡ್ಡಲ್ಲ. ತಟ್ಟೆ ಇಲ್ಲದೆ ನೇರವಾಗಿ ಕಲ್ಲಿನ ಮೇಲೆ ಬೇಯಿಸಿದ ದುಂಡನೆಯ ಬ್ರೆಡ್ಡು, ಅದರಲ್ಲೂ ಓವನ್ನಿನ ಹಿಂದಿನ ಎಡಮೂಲೆಯದು. ಆ ಮೂಲೆಯಲ್ಲಿ ಕಾವು ಚೆನ್ನಾಗಿ ಕೂರುತ್ತದೆ. ಮರ್ಯಾದಸ್ಥರು ಯಾರಾದರೂ ಬಂದರೆ ಯಜಮಾನರು ಆ ಮೂಲೆಯದನ್ನೇ ಎತ್ತಿ ಕೊಡುತ್ತಿದ್ದರು.

ಮ್ಯಾನೇಜರ್ ಅರ್ಜಿಯನ್ನು ಮೇಜಿನ ಮೇಲೆ ಹರಡಿಕೊಂಡ. ಬ್ರೆಡ್ಡನ್ನು ಬಿಡಿಸಿ, ಸುತ್ತಿದ್ದ ಕಾಗದವನ್ನು ಕಸದ ಬುಟ್ಟಿಗೆ ಎಸೆದು, ಬ್ರೆಡ್ಡನ್ನು ಅರ್ಜಿಯ ಮೊದಲ ಪುಟದ ಮೇಲೇ ಇಟ್ಟ. ಮೇಲಿನಿಂದ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡ. ಅಷ್ಟರಲ್ಲಿ ಫೋನ್ ಬಂತು. ಫೋನಿನಲ್ಲಿ ಯಾರದೋ ವರ್ಗಾವಣೆಯ ಪುರಾಣ ಕಾಲು ಗಂಟೆ ನಡೆಯಿತು. ಬ್ರೆಡ್ಡಿನ ತಳದಿಂದ ಬೆಣ್ಣೆ ಇಳಿದು, ಮೂರು ಸಲ ತಿದ್ದಿ ದುಂಡಗೆ ಬರೆದಿದ್ದ ಅವನ ಹೆಸರಿನ ಮೇಲೆ ನಿಧಾನಕ್ಕೆ ಹರಡುತ್ತಿತ್ತು. ಅವನು ನೋಡುತ್ತ ನಿಂತಿದ್ದ. ಕುಳಿತುಕೊಳ್ಳಿ ಎಂದು ಯಾರೂ ಹೇಳಿರಲಿಲ್ಲ.

"ಚೆನ್ನಾಗಿದೆ ಕಣ್ರೀ," ಎಂದ ಮ್ಯಾನೇಜರ್, ಫೋನ್ ಇಟ್ಟು. "ಆದ್ರೆ ನಮ್ಮ ಫಾರ್ಮಲ್ಲಿ ರುಚಿಗೆ ಕಾಲಂ ಇಲ್ಲ. ಆಸ್ತಿ ಏನಿದೆ?"

"ಆಸ್ತಿ ಬೇಡ ಅಂತ ಹೊರಗಡೆ ಗೋಡೆ ಮೇಲೆ ಬರ್ದಿದೆಯಲ್ಲ ಸಾರ್?"

"ಹಂಗಾದ್ರೆ ಗೋಡೆ ಹತ್ರಾನೇ ಸಾಲ ಕೇಳಿ."

ಪಕ್ಕದ ಮೇಜಿನವರೂ ನಕ್ಕರು. ಅವನೂ ನಕ್ಕ. ಆ ನಗುವಿಗಾಗಿ ಅವನು ತನ್ನನ್ನು ತಾನು ಇವತ್ತಿಗೂ ಕ್ಷಮಿಸಿರಲಿಲ್ಲ.

ಆಮೇಲೆ ಒಂದು ತಿಂಗಳು ಅಲೆಸಿ ಅರ್ಜಿಯ ಮೇಲೆ ಕೆಂಪು ಮೊಹರು ಒತ್ತಿದರು. ಮರುವರ್ಷ ಯಜಮಾನರು ತೀರಿಕೊಂಡರು. ಅವರ ಮಕ್ಕಳು ಬೇಕರಿಗೆ ಬೀಗ ಹಾಕಿ ಕಟ್ಟಡ ಮಾರಿದರು, ಓವನ್ನನ್ನು ಗುಜರಿಗೆ ಕೊಟ್ಟರು. ಇಪ್ಪತ್ತೆರಡು ವರ್ಷದ ಚಾಕರಿಗೆ ಅವನಿಗೆ ಸಿಕ್ಕಿದ್ದು ಒಂದು ಗೋಡೆ ಗಡಿಯಾರ. ಅದೂ ಹತ್ತು ನಿಮಿಷ ಹಿಂದೆ ಓಡುತ್ತಿತ್ತು.

ಕೆಲಸವಿಲ್ಲದ ಮಧ್ಯಾಹ್ನಗಳಲ್ಲಿ ಅವನು ಅಕ್ಕನ ಮನೆಯ ಬಾಗಿಲಲ್ಲಿ ಕೂತು ಯೋಚಿಸಿದ. ಒಳಗೆ ಅಕ್ಕನ ಹೊಲಿಗೆ ಯಂತ್ರ ಕಟಕಟ ಎನ್ನುತ್ತಿತ್ತು. ಅಮ್ಮ ಹೋದ ಮೇಲೆ ಅವನನ್ನು ಸಾಕಿದ್ದು ಆ ಯಂತ್ರ. ಶಾಲೆಯ ಮಕ್ಕಳ ಸಮವಸ್ತ್ರ ಹೊಲಿದು ಹೊಲಿದು, ಕಣ್ಣು ಮಂಜಾಗುವ ಹೊತ್ತಿಗೆ ಅಕ್ಕ ಈ ಎರಡು ಕೋಣೆಯ ಮನೆಯನ್ನು ತನ್ನದು ಮಾಡಿಕೊಂಡಿದ್ದಳು. ಮದುವೆ ಗಿದುವೆ ಎಲ್ಲ ಅದರಲ್ಲೇ ಕರಗಿಹೋಗಿತ್ತು. ಯೋಚನೆಯೂ ಆ ಯಂತ್ರದ ಹಾಗೆಯೇ ಹೊಲಿಗೆ ಹೊಲಿಗೆಯಾಗಿ ಮುಂದೆ ಹೋಯಿತು.

ಸರ್ಕಾರದ ಗ್ಯಾರಂಟಿ ಎಂದರೇನು? ಸಾಲಗಾರ ಮುಳುಗಿದರೆ ಬ್ಯಾಂಕಿಗೆ ಸರ್ಕಾರ ತುಂಬಿಕೊಡುತ್ತದೆ. ಅಂದರೆ ಬ್ಯಾಂಕಿಗೆ ನಷ್ಟವಿಲ್ಲ. ಸರ್ಕಾರಕ್ಕೆ ಅದು ಸಮುದ್ರದಿಂದ ಒಂದು ಚೊಂಬು ನೀರು. ಯಾರೂ ಅಳುವುದಿಲ್ಲ. ಅಳುವವರೇ ಇಲ್ಲದ ಕಡೆ ಕಳ್ಳತನ ಎಲ್ಲಿಂದ ಬಂತು? ಬ್ಯಾಂಕು ದುಡ್ಡನ್ನು ಸಾಲಗಾರನ ಕೈಗೆ ಕೊಡುವುದಿಲ್ಲ, ಓವನ್ ಮಾರುವ ಡೀಲರನಿಗೆ ನೇರವಾಗಿ ಕಳಿಸುತ್ತದೆ. ಹಾಗಾದರೆ ಡೀಲರ್ ನಮ್ಮವನಾಗಬೇಕು. ಅವನು ಹೊಸ ಓವನ್ನಿಗೆ ಬಿಲ್ಲು ಹರಿಯುತ್ತಾನೆ, ಹಳೆಯ ಓವನ್ ತಂದು ನಿಲ್ಲಿಸುತ್ತಾನೆ, ತನ್ನ ಪಾಲು ಇಟ್ಟುಕೊಂಡು ಉಳಿದದ್ದನ್ನು ವಾಪಸ್ ಕೊಡುತ್ತಾನೆ. ಒಂದು ವರ್ಷ ಅಂಗಡಿ ನಡೆಸಿದ ಹಾಗೆ ಮಾಡಿ, ವ್ಯಾಪಾರ ಕೈಕೊಟ್ಟಿತು ಎಂದು ತಲೆ ಮೇಲೆ ಕೈ ಹೊತ್ತು ಕೂತರಾಯಿತು.

ಬೇರೆ ಬ್ಯಾಂಕಿಗೆ ಹೋಗಬಹುದಿತ್ತು. ಅದು ಅವನಿಗೆ ಬೇಕಿರಲಿಲ್ಲ. ಅದೇ ಬ್ಯಾಂಕು, ಅದೇ ಮೇಜು, ಅದೇ ಮನುಷ್ಯನ ಸಹಿ ಬೇಕಿತ್ತು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಅವನ ಕೈಯಿಂದಲೇ ದುಡ್ಡು ತೆಗೆಯಬೇಕಿತ್ತು.

ಅರ್ಜಿ ಅಕ್ಕನ ಹೆಸರಿನಲ್ಲಿ ಹೋಗಬೇಕು. ಹೆಂಗಸರ ಹೆಸರಿನಲ್ಲಿ ಇಷ್ಟು ಸಾಲ ಕೊಟ್ಟೇ ತೀರಬೇಕೆಂದು ಮೇಲಿನಿಂದ ಆಜ್ಞೆ ಬಂದಿದೆಯಂತೆ, ವರ್ಷದ ಕೊನೆ ಹತ್ತಿರವಾದಷ್ಟೂ ಮ್ಯಾನೇಜರುಗಳು ದಾರಿಯಲ್ಲಿ ಹೋಗುವ ಹೆಂಗಸರನ್ನು ಕರೆದು ಕೂರಿಸಿಕೊಳ್ಳುತ್ತಾರಂತೆ. ಇದನ್ನು ಹೇಳಿದವನು, ಇವನು ಹುಡುಕಿ ಹಿಡಿದಿದ್ದ ಓವನ್ ಡೀಲರ್. ಅವನಿಗೆ ಇಂಥ ಕೆಲಸ ಹೊಸದೇನಲ್ಲ ಎಂದು ಮೊದಲ ಭೇಟಿಯಲ್ಲೇ ಗೊತ್ತಾಗಿತ್ತು.

ಅಕ್ಕ ಕನ್ನಡಕ ಏರಿಸಿಕೊಂಡು ಪ್ರತಿ ಪುಟವನ್ನೂ ಓದಿದಳು. ಒಂದು ಕಡೆ ಬೆರಳಿಟ್ಟಳು.

"ಇಲ್ನೋಡು. ಕೊಟ್ಟ ವಿವರ ಸುಳ್ಳು ಅಂತ ಗೊತ್ತಾದ್ರೆ ಸರ್ಕಾರದ ಗ್ಯಾರಂಟಿ ರದ್ದಾಗುತ್ತಂತೆ. ಪೂರ್ತಿ ಸಾಲ ಅರ್ಜಿದಾರರಿಂದ್ಲೇ ವಸೂಲಿ ಮಾಡ್ತಾರಂತೆ. ಕೇಸೂ ಹಾಕ್ತಾರಂತೆ."

"ಎಲ್ಲ ಫಾರ್ಮಲ್ಲೂ ಹಂಗೇ ಬರ್ದಿರ್ತಾರೆ ಅಕ್ಕ. ಹೆದರ್ಸೋಕೆ."

"ಇದ್ರಲ್ಲಿ ಸುಳ್ಳೇನೂ ಇಲ್ಲ ತಾನೇ?"

"ನಿನ್ನ ಹತ್ರ ಸುಳ್ಳು ಹೇಳ್ತೀನಾ?"

"ನಂಗಿರೋದು ಇದೊಂದು ಮನೆ ಕಣೋ," ಎಂದಳು ಅಕ್ಕ. ಗೋಡೆಯನ್ನು ಒಮ್ಮೆ ನೋಡಿದಳು. ಆಮೇಲೆ ಶಾಲೆಯ ಹುಡುಗಿಯ ಹಾಗೆ ನಾಲಿಗೆ ಕಚ್ಚಿಕೊಂಡು ಹನ್ನೊಂದು ಪುಟಕ್ಕೂ ಸಹಿ ಹಾಕಿದಳು.

ಅವನು ಪುಟಗಳನ್ನು ಬೇಗ ಬೇಗ ಜೋಡಿಸಿಕೊಂಡ. ಮನಸ್ಸಿನಲ್ಲೇ ಮ್ಯಾನೇಜರನನ್ನು ಬೈದ. ಮರ್ಯಾದೆಯಾಗಿ ಕೇಳಿದಾಗ ಕೊಟ್ಟಿದ್ದರೆ ಅಕ್ಕನ ಸಹಿ ಯಾಕೆ ಬೇಕಾಗುತ್ತಿತ್ತು, ದರಿದ್ರದವನೇ?

ಗುಜರಿಯವನ ಶೆಡ್ಡಿನಲ್ಲಿ ಸೈಕಲ್ ರಾಶಿಯ ಹಿಂದೆ ಯಜಮಾನರ ಹಳೆಯ ಓವನ್ ಗೋಡೆಗೆ ಮುಖ ಮಾಡಿ ನಿಂತಿತ್ತು. ಕಬ್ಬಿಣದ ತೂಕಕ್ಕೆ ಸಿಕ್ಕಿತು. ಅವನೂ ಡೀಲರನೂ ಗೋಡೌನಿನ ಬಾಗಿಲು ಹಾಕಿಕೊಂಡು ಹನ್ನೆರಡು ದಿನ ಅದರ ಮೇಲೆ ದುಡಿದರು. ತುಕ್ಕನ್ನು ಉಜ್ಜಿ ತೆಗೆದು, ಹೊರಗಿನ ತಗಡನ್ನೆಲ್ಲ ಹೊಸದು ಹಾಕಿದರು. ಹಿಡಿಕೆ, ಬಾಗಿಲ ಗಾಜು, ಕಾವು ತೋರಿಸುವ ಮುಳ್ಳು, ಗುಂಡಿಗಳು, ವೈರು, ಎಲ್ಲವೂ ಬದಲಾದವು. ತಯಾರಾದ ವರ್ಷ ಮತ್ತು ನಂಬರು ಕೊರೆದ ಹೊಸ ತಗಡನ್ನು ಮೊಳೆ ಬಡಿದು ಕೂರಿಸಿದರು. ಮೊಳೆ ತೀರಾ ಹೊಳೆಯಬಾರದು, ತೀರಾ ಮಂಕಾಗಿಯೂ ಇರಬಾರದು. ಅದನ್ನೂ ಅವನು ಯೋಚಿಸಿದ್ದ. ಹೊಸ ಮಷೀನುಗಳ ಮೇಲೆ ಅಂಟಿಸಿರುವ ನೀಲಿ ಪ್ಲಾಸ್ಟಿಕ್ ಹಾಳೆಯನ್ನು ತಂದು ಬಾಗಿಲುಗಳ ಮೇಲೆ ಅಂಟಿಸಿ, ಒಂದು ಮೂಲೆಯಲ್ಲಿ ಮಾತ್ರ ಸ್ವಲ್ಪ ಕಿತ್ತು ಬಿಟ್ಟ. ನೋಡಿದವನಿಗೆ ಪೂರ್ತಿ ಕೀಳಬೇಕು ಎನಿಸಬೇಕು.

"ಕಲ್ಲೂ ಬದಲಾಯ್ಸಿಬಿಡೋಣ," ಎಂದ ಡೀಲರ್. "ಗೋಡೌನಲ್ಲಿ ಹೊಸಾವು ಬಿದ್ದಿವೆ. ಪುಕ್ಕಟೆ ಕೊಡ್ತೀನಿ."

"ಕಲ್ಲು ಮುಟ್ಟಿದ್ರೆ ಕೈ ಮುರೀತೀನಿ."

"ಯಾಕಪ್ಪಾ, ಚಿನ್ನ ಹುದುಗ್ಸಿದೀಯಾ ಅದರಲ್ಲಿ?"

ಇವನಿಗೇನು ಗೊತ್ತು? ಮಾರುವವನಿಗೆ ಓವನ್ ಎಂದರೆ ತಗಡಿನ ಪೆಟ್ಟಿಗೆ. ಬೇಯಿಸುವವನಿಗೆ ಓವನ್ ಎಂದರೆ ಕಲ್ಲು. ಹೊಸ ಕಲ್ಲು ಹದಕ್ಕೆ ಬರಲು ವರ್ಷ ಬೇಕು. ಅಲ್ಲಿಯವರೆಗೆ ಬ್ರೆಡ್ಡು ಮೇಲೆ ಸುಟ್ಟು ಒಳಗೆ ಹಸಿಯಾಗಿ ಮಾನ ಕಳೆಯುತ್ತದೆ. ಈ ಕಲ್ಲುಗಳು ಇಪ್ಪತ್ತೆರಡು ವರ್ಷ ಅವನ ಬೆಣ್ಣೆ ಕುಡಿದು ಕಪ್ಪಾಗಿದ್ದವು. ಹಿಂದಿನ ಎಡಮೂಲೆಯ ಕಲ್ಲು ಒಮ್ಮೆ ಬಿರುಕು ಬಿಟ್ಟಾಗ ಯಜಮಾನರೇ ಒಳಗೆ ತೂರಿ ಗಾರೆ ಮೆತ್ತಿದ್ದರು, ಬದಲಾಯಿಸಲು ಅವರಿಗೂ ಮನಸ್ಸು ಬಂದಿರಲಿಲ್ಲ. ನಾಟಕದ ಅಂಗಡಿಯಾದರೇನು, ಕೆಟ್ಟ ಬ್ರೆಡ್ಡು ಮಾರುವುದು ಅವನ ಜನ್ಮದಲ್ಲಿ ಆಗದ ಮಾತು. ಅಲ್ಲದೆ ಓವನ್ನಿನೊಳಗೆ ತಲೆ ತೂರಿಸಿ ಕಲ್ಲು ನೋಡುವ ಬ್ಯಾಂಕಿನವನು ಇನ್ನೂ ಹುಟ್ಟಿಲ್ಲ.

ಸಾಲ ಹದಿನಾರೇ ದಿನದಲ್ಲಿ ಮಂಜೂರಾಯಿತು. ಅಕ್ಕ ಒಬ್ಬಳೇ ಹೋಗಿ ಬಂದಳು. ಮ್ಯಾನೇಜರ್ ಎದ್ದು ನಿಂತು ಕುರ್ಚಿ ಎಳೆದುಕೊಟ್ಟನಂತೆ, ಕಾಫಿ ತರಿಸಿದನಂತೆ. ಕೇಳಿ ಅವನ ಹಲ್ಲು ಕಟಕಟಿಸಿತು. ತನಗೆ ನಿಲ್ಲಲು ಒಂದು ಮೊಳ ಜಾಗ, ಸುಳ್ಳಿಗೆ ಕುರ್ಚಿ ಮತ್ತು ಕಾಫಿ!

ಓವನ್ ಕೂರಿಸಿದ್ದ ಬಾಡಿಗೆ ಅಂಗಡಿಗೆ ತಪಾಸಣೆಗೆ ಬಂದ ಬ್ಯಾಂಕಿನ ಅಧಿಕಾರಿ ಹೊಸ ತಗಡಿನ ಫೋಟೋ ತೆಗೆದ, ಬಿಲ್ಲಿನ ನಂಬರಿಗೆ ತಾಳೆ ನೋಡಿದ, ಓವನ್ನಿನ ಬಾಗಿಲು ಅರ್ಧ ತೆರೆದು ಮುಚ್ಚಿದ. ನೀಲಿ ಹಾಳೆಯ ಕಿತ್ತ ಮೂಲೆಯ ಹತ್ತಿರ ಅವನ ಬೆರಳು ಹೋಯಿತು. "ಕೀಳ್ಲಾ?" ಎಂದ, ಮಗುವಿನ ಹಾಗೆ. "ಕೀಳಿ ಸಾರ್, ನಿಮ್ಮ ಕೈಯಿಂದ್ಲೇ ಆಗ್ಲಿ," ಎಂದ ಇವನು. ಅಧಿಕಾರಿ ಸರ್ರನೆ ಕಿತ್ತು ಖುಷಿಪಟ್ಟು, ಎಲ್ಲ ಸರಿಯಾಗಿದೆ ಎಂದು ಬರೆದುಕೊಂಡು ಹೋದ. ಆ ದಿನ ಅವನು ಬಾಗಿಲು ಹಾಕಿಕೊಂಡು ಒಬ್ಬನೇ ಹೊಟ್ಟೆ ಹುಣ್ಣಾಗುವಷ್ಟು ನಕ್ಕ.

ಅವನ ಲೆಕ್ಕ ತಪ್ಪಿದ್ದು ಒಂದೇ ವಿಷಯದಲ್ಲಿ. ಅಂಗಡಿ ಮುಳುಗಲಿಲ್ಲ.

ಮುಳುಗುವ ಲಕ್ಷಣವೇ ಕಾಣಲಿಲ್ಲ. ಮೂರನೆಯ ವಾರಕ್ಕೆ ಬಾಗಿಲು ತೆರೆಯುವ ಮೊದಲೇ ಜನ ಸಾಲುಗಟ್ಟಿದರು. ಎರಡು ಬೀದಿಯಾಚೆಯ ಆಸ್ಪತ್ರೆಯವರು ದಿನಕ್ಕೆ ಅರವತ್ತು ಬ್ರೆಡ್ಡು ಬೇಕೆಂದರು. ಅಕ್ಕ ಹೊಲಿಗೆ ಬಿಟ್ಟು ಗಲ್ಲಾದ ಹಿಂದೆ ಕೂತಳು, ಬಂದವರ ಮಕ್ಕಳ ಹೆಸರನ್ನೆಲ್ಲ ಬಾಯಿಪಾಠ ಮಾಡಿಕೊಂಡಳು, ಐವತ್ತೆರಡನೆಯ ವಯಸ್ಸಿನಲ್ಲಿ ಜೋರಾಗಿ ನಗುವುದನ್ನು ಕಲಿತಳು. ಕಂತು ಕಟ್ಟುವ ದಿನಕ್ಕೆ ಎರಡು ದಿನ ಮೊದಲೇ ಬ್ಯಾಂಕಿಗೆ ಹೋಗಿ ಕಟ್ಟಿ ಬರುತ್ತಿದ್ದಳು. ಇವನು ಬೇಡ ಎನ್ನುವುದು ಹೇಗೆ? ಡೀಲರ್ ವಾಪಸ್ ಕೊಟ್ಟ ದುಡ್ಡಿನ ಬಹುಪಾಲು ಮೈದಾದ ಡಬ್ಬದ ತಳದಲ್ಲಿ ಹಾಗೇ ಕೂತಿತ್ತು. ಮೋಸ ಮಾಡಲು ಹೊರಟವನನ್ನು ಹಿಡಿದು ಮರ್ಯಾದಸ್ಥ ಮಾಡಿಬಿಟ್ಟಿದ್ದರು. ಇದಕ್ಕಿಂತ ಅವಮಾನ ಉಂಟೇ? ಇಷ್ಟು ಚೆನ್ನಾಗಿ ನಡೆಯುವ ಅಂಗಡಿಗಲ್ಲವೇ ಆ ಮನುಷ್ಯ ಅವತ್ತು ಗೋಡೆ ಹತ್ತಿರ ಸಾಲ ಕೇಳು ಎಂದದ್ದು?

ಒಮ್ಮೊಮ್ಮೆ ಸಂಜೆ, ಅಕ್ಕ ಗಲ್ಲಾ ಒರೆಸುತ್ತ ಏನೋ ಗುನುಗುತ್ತಿರುವಾಗ, ಇದು ಹೀಗೇ ನಡೆದುಕೊಂಡು ಹೋಗಲಿ ಎನಿಸುತ್ತಿತ್ತು. ಡಬ್ಬದ ದುಡ್ಡನ್ನೂ ಸೇರಿಸಿ ಸಾಲ ತೀರಿಸಿಬಿಟ್ಟರೆ ಅಕ್ಕನಿಗೆ ಏನೂ ಗೊತ್ತಾಗುವುದಿಲ್ಲ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ತಪ್ಪೂ ಉಳಿಯುವುದಿಲ್ಲ. ಹಾಗೆ ಮಾಡುವುದೆಂದು ಅವನು ಹೆಚ್ಚುಕಡಿಮೆ ತೀರ್ಮಾನಿಸಿಯೂ ಆಗಿತ್ತು.

ಆರನೆಯ ತಿಂಗಳಲ್ಲಿ ಬ್ಯಾಂಕಿನಿಂದ ಫೋನ್ ಬಂತು. ಸರ್ಕಾರದ ಗ್ಯಾರಂಟಿಯಲ್ಲಿ ಸಾಲ ಪಡೆದು ಗೆದ್ದವರ ಬಗ್ಗೆ ಮುಖ್ಯ ಕಚೇರಿಯವರು ಪುಸ್ತಕ ತರುತ್ತಾರಂತೆ. ಅದರಲ್ಲಿ ಅಕ್ಕನ ಫೋಟೋ ಬರುತ್ತದಂತೆ. ಅಕ್ಕ ಬೀರುವಿನ ತಳದಿಂದ ಒಳ್ಳೆಯ ಸೀರೆ ತೆಗೆದಳು. "ನೀನೂ ಬಾರೋ, ನಂಗೊಬ್ಳಿಗೇ ಕೈಕಾಲು ಆಡಲ್ಲ," ಎಂದಳು. ಬರಿಗೈಯಲ್ಲಿ ಹೋಗುವುದು ಹೇಗೆ? ಬೆಳಗಿನ ಮೊದಲ ಬ್ರೆಡ್ಡುಗಳನ್ನು ಎಳೆಯುವಾಗ ಅವನ ಕೈ ತಾನಾಗಿಯೇ ಹಿಂದಿನ ಎಡಮೂಲೆಗೆ ಹೋಯಿತು.

ಮ್ಯಾನೇಜರ್ ಸ್ವಲ್ಪ ದಪ್ಪಗಾಗಿದ್ದ. ಅಕ್ಕನಿಗೆ ಕುರ್ಚಿ ಎಳೆದ. ಇವನ ಕಡೆ ನೋಡಿ, "ಇವರು?" ಎಂದ.

"ನನ್ನ ತಮ್ಮ ಸಾರ್."

"ಓ, ಅಂಗಡೀಲಿ ಸಹಾಯಕ್ಕಿದಾರಾ? ಒಳ್ಳೇದಾಯ್ತು."

ಗುರುತೇ ಇಲ್ಲ. ಎರಡು ವರ್ಷ ಈ ಮುಖವನ್ನು ನೆನೆದು ನೆನೆದು ಹಿಟ್ಟು ಗುದ್ದಿದ್ದಾನೆ, ಆ ಮುಖಕ್ಕೆ ಇವನ ಗುರುತೇ ಇಲ್ಲ! ಅವನು ಹಲ್ಲು ಕಚ್ಚಿಕೊಂಡು, ಸುತ್ತಿ ತಂದಿದ್ದ ಬ್ರೆಡ್ಡನ್ನು ಮೇಜಿನ ಮೇಲಿಟ್ಟ. ಮ್ಯಾನೇಜರ್ ಅಕ್ಕನ ಫೈಲು ತೆರೆದು, ಪುಸ್ತಕಕ್ಕೆ ವಿವರ ಬರೆದುಕೊಳ್ಳಲು ಓವನ್ನಿನ ಬಿಲ್ಲನ್ನು ಹೊರಗೆ ತೆಗೆದಿಟ್ಟುಕೊಂಡ. ಬ್ರೆಡ್ಡನ್ನು ಬಿಡಿಸಿ, ಸುತ್ತಿದ್ದ ಕಾಗದವನ್ನು ಬುಟ್ಟಿಗೆ ಎಸೆದು, ಕೈಗೆ ಹತ್ತಿರವಿದ್ದ ಬಿಲ್ಲಿನ ಮೇಲೇ ಅದನ್ನು ಇಟ್ಟ. ಒಂದು ಚೂರು ಮುರಿದು ತಿಂದು ಕಣ್ಣು ಮುಚ್ಚಿದ.

"ಆಹಾ! ಏನೇ ಹೇಳಿ ಅಮ್ಮಾ, ಹೊಸ ಮಷೀನಿನ ಮಹಿಮೆನೇ ಬೇರೆ. ಹಳೇ ಓವನ್ನುಗಳಲ್ಲಿ ಈ ರುಚಿ ಎಲ್ಲಿಂದ ಬರ್ಬೇಕು?"

ಉಳಿದದ್ದೆಲ್ಲ ಸಹಿಸಬಹುದಿತ್ತು. ಇಪ್ಪತ್ತೆರಡು ವರ್ಷದ ಕೈಗುಣವನ್ನು ತಗಡಿನ ಪೆಟ್ಟಿಗೆಗೆ ಧಾರೆ ಎರೆದು ಕೊಟ್ಟದ್ದನ್ನು ಅವನಿಂದ ಸಹಿಸಲಾಗಲಿಲ್ಲ.

"ಮಷೀನಿನ ಮಹಿಮೆ ಅಲ್ಲ ಸಾರ್. ಎರಡು ವರ್ಷದ ಹಿಂದೆ ಇದೇ ಬ್ರೆಡ್ ತಂದು ಇದೇ ಮೇಜಿನ ಮೇಲೆ ಇಟ್ಟಿದ್ದೆ. ನೀವು ತಿಂದಿದ್ರಿ. ತಿಂದು, ರುಚಿಗೆ ಕಾಲಂ ಇಲ್ಲ ಅಂತ ವಾಪಸ್ ಕಳ್ಸಿದ್ರಿ."

"ಲೋ, ಸುಮ್ನಿರೋ," ಎಂದಳು ಅಕ್ಕ.

"ನಾನಾ? ನೆನಪೇ ಇಲ್ವಲ್ರೀ."

"ಬೀರು ತೆಗೆಸಿ ನೋಡಿ ಸಾರ್. ತಿರಸ್ಕಾರ ಮಾಡಿದ ಅರ್ಜಿಗಳನ್ನ ಇಟ್ಟಿರ್ತೀರಲ್ಲ? ನನ್ನ ಅರ್ಜಿನ ತಟ್ಟೆ ಮಾಡ್ಕೊಂಡಿದ್ರಿ ನೀವು. ಬೆಣ್ಣೆ ಕಲೆ ಇನ್ನೂ ಇರುತ್ತೆ, ನೋಡಿ!"

ಪಕ್ಕದ ಮೇಜಿನವರೆಲ್ಲ ತಲೆ ಎತ್ತಿದರು. ಈ ಸಲ ಯಾರೂ ನಗಲಿಲ್ಲ. ಅವನಿಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಮ್ಯಾನೇಜರನ ಮುಖ ಸಣ್ಣದಾಯಿತು. ಗುಮಾಸ್ತನನ್ನು ಕಳಿಸಿ ಬೀರು ತೆಗೆಸಿದ. ಕೆಂಪು ಮೊಹರಿನ ಅರ್ಜಿ ಬಂತು. ಮೊದಲ ಪುಟದಲ್ಲಿ, ಅವನ ಹೆಸರಿನ ಮೇಲೆ, ಹಳದಿ ತಿರುಗಿದ ದುಂಡನೆಯ ಕಲೆ ಇತ್ತು. "ಛೆ, ತಪ್ಪಾಯ್ತು ಕಣ್ರೀ, ಖಂಡಿತ ತಪ್ಪಾಯ್ತು," ಎಂದ ಮ್ಯಾನೇಜರ್. ಆ ಮಾತು ಅವನು ನಿಜವಾಗಿ ನೊಂದೇ ಹೇಳಿದ್ದ. ಇವನು ಎರಡು ವರ್ಷದಿಂದ ಕಾದಿದ್ದ ಮಾತು ಅದೇ. ಕಣ್ಣು ತುಂಬಿ ಬಂತು.

"ನೋಡಿ, ಇವತ್ತೂ ಅದೇ ಕೆಲಸ ಮಾಡಿದೀನಿ," ಎನ್ನುತ್ತ ಮ್ಯಾನೇಜರ್ ನಾಚಿಕೆಯಿಂದ ಬಿಲ್ಲಿನ ಮೇಲಿದ್ದ ಬ್ರೆಡ್ಡನ್ನು ಎತ್ತಿದ. ಬಿಲ್ಲಿನ ಮೇಲೂ ದುಂಡನೆಯ ಬೆಣ್ಣೆ ಕಲೆ ಬಿದ್ದಿತ್ತು. ಕಲೆಯ ನಡುವೆ ಬೆಣ್ಣೆ ತಾಗದ ಒಂದು ಗೆರೆ. ಅದು ಮುಂದೆ ಎರಡಾಗಿ ಕವಲೊಡೆದು, ಒಂದು ಕವಲು ತುದಿಯಲ್ಲಿ ಕೊಕ್ಕೆಯ ಹಾಗೆ ಬಾಗಿತ್ತು. ಪಕ್ಕದಲ್ಲಿದ್ದ ಎರಡು ವರ್ಷ ಹಳೆಯ ಅರ್ಜಿಯ ಕಲೆಯಲ್ಲೂ ಅದೇ ಗೆರೆ, ಅದೇ ಕವಲು, ಅದೇ ಕೊಕ್ಕೆ. ಹಿಂದಿನ ಎಡಮೂಲೆಯ ಕಲ್ಲಿನಲ್ಲಿ ಯಜಮಾನರು ಮೆತ್ತಿದ ಗಾರೆ ಉಬ್ಬಿ ನಿಂತಿತ್ತು, ಅದರ ಮೇಲೆ ಬೆಂದ ಪ್ರತಿ ಬ್ರೆಡ್ಡಿನ ತಳದಲ್ಲೂ ಆ ಗೆರೆ ತಗ್ಗಾಗಿ ಬಿದ್ದೇ ಬೀಳುತ್ತಿತ್ತು. ದಿನಾ ನೋಡಿ ನೋಡಿ, ಆ ಮೂಲೆಯ ಬ್ರೆಡ್ಡಿನ ತಳ ಇರುವುದೇ ಹಾಗೆ ಎಂದುಕೊಂಡಿದ್ದ ಅವನು. ಮ್ಯಾನೇಜರ್ ಒಂದು ಕಲೆಯಿಂದ ಇನ್ನೊಂದಕ್ಕೆ ಕಣ್ಣು ಹಾಯಿಸಿದ, ಬ್ರೆಡ್ಡನ್ನು ಮಗುಚಿ ತಳ ನೋಡಿದ, ಬಿಲ್ಲಿನ ಮೇಲಿನ ತಾರೀಕು ಓದಿದ. ಅವನ ಮುಖದ ನಾಚಿಕೆ ಮೆಲ್ಲಗೆ ಹೋಯಿತು. ಇವನ ಕಡೆ ನೋಡದೆ, "ಅಮ್ಮಾ, ನಿಮ್ಮ ಓವನ್ ಯಾವಾಗ ತಯಾರಾದದ್ದು ಅಂದ್ರಿ?" ಎಂದು ಮೆತ್ತಗೆ ಕೇಳಿದ. ಅಕ್ಕ ಸೆರಗು ಸರಿಮಾಡಿಕೊಂಡು, ಫೋಟೋಗೆ ಕೂತವಳ ಹಾಗೆ ನೆಟ್ಟಗಾದಳು. "ಹೊಸಾದು ಸಾರ್, ಈ ವರ್ಷದ್ದೇ," ಎಂದಳು. "ಎಲ್ಲ ಪುಟಾನೂ ಓದಿ ನಾನೇ ಸೈನ್ ಹಾಕಿದೀನಿ."